ಕಾಂಪ್ಲಿಮೆಂಟ್ ಖಾದರ್ ಸಾಬರು

ಖಾದರ್ ಸಾಬರು ಎತ್ತಿಕೊಂಡರೆ ಗಿನಿಪಿಗ್ ಕಣ್ಣು ಮುಚ್ಚಿ ಅವರ ತೋಳಿಗೆ ಒರಗುತ್ತಿತ್ತು. ನಾನು ಮುಟ್ಟಿದರೆ ಕಚ್ಚುತ್ತಿತ್ತು. ಕೋಲಾರದ ಆಸ್ಪತ್ರೆಯ ಲ್ಯಾಬಿನಲ್ಲಿ ಇಬ್ಬರೂ ಕೆಲಸಕ್ಕಿದ್ದೆವು. ನಾನು ಬಿ.ಎಸ್ಸಿ. ಮಾಡಿದವನು, ಅವರು ಮುಳಬಾಗಿಲಿನಲ್ಲಿ ಮಿಡ್ಲ್ ಸ್ಕೂಲ್ ಮುಗಿಸಿದವರು. ಆದರೂ ನನ್ನ ವರದಿ ಹಿಡಿದು ಡಾಕ್ಟರು ಕೇಳುತ್ತಿದ್ದುದು ಒಂದೇ, ಸಾಬರು ನೋಡಿದರಾ ಎಂದು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಗಿನಿಪಿಗ್ಗಿನ ರಕ್ತದ ತಿಳಿಯಲ್ಲಿರುವ ಕಾಂಪ್ಲಿಮೆಂಟ್ ಎಂಬ ಅಂಶದಿಂದ ನಾವು ಪರಂಗಿ ರೋಗವನ್ನು, ಅಂದರೆ ಸಿಫಿಲಿಸ್ಸನ್ನು, ಪತ್ತೆ ಹಚ್ಚುತ್ತಿದ್ದೆವು. ರೋಗಿಯ ರಕ್ತದ ಜೊತೆ ಬೆರೆಸಿದ ಕುರಿಯ ರಕ್ತಕಣಗಳನ್ನು ಅದು ಒಡೆದು ಕೊಳವೆ ತಿಳಿಯಾದರೆ ರೋಗಿ ಪಾರು. ರೋಗಿಯ ರಕ್ತದಲ್ಲೇ ಅದು ಖರ್ಚಾಗಿ ಕೊಳವೆ ಕದಡಿಯೇ ಉಳಿದರೆ ರೋಗವಿದೆ ಎಂದರ್ಥ.

“ಕಣ ಹಿಡ್ಕೊಳ್ಳೋನು ಬೇರೆ, ಒಡೆಯೋನು ಇವನು,” ಎನ್ನುತ್ತಿದ್ದರು ಸಾಬರು, ಕಾಂಪ್ಲಿಮೆಂಟನ್ನು ತೋರಿಸಿ. “ಯಾರೂ ಕಲಿಸಿದ್ದಲ್ಲ ಕಣೋ, ಹುಟ್ತಾನೇ ರಕ್ತದಲ್ಲಿ ಬಂದಿರ್ತಾನೆ. ಬಿಸಿ ಮಾತ್ರ ತಡ್ಕೊಳ್ಳಲ್ಲ.”

ಅವರ ಕೈಗುಣವೂ ಹಾಗೆ ಹುಟ್ಟಿನಿಂದಲೇ ಬಂದದ್ದು. ನಾನು ಪುಸ್ತಕ ಉರು ಹೊಡೆದರೂ ನನಗದು ದಕ್ಕಲಿಲ್ಲ.

ಲ್ಯಾಬಿನ ಮೇಲ್ವಿಚಾರಕರ ಜಾಗ ತೆರವಾಯಿತು. ಅದು ಸಾಬರಿಗೇ ಎಂದು ಎಲ್ಲರೂ ಮಾತಾಡಿಕೊಂಡರು. ಒಂದು ಬೆಳಿಗ್ಗೆ ಅವರು ಮಂಜುಗಡ್ಡೆಯಲ್ಲಿಟ್ಟಿದ್ದ ಕಾಂಪ್ಲಿಮೆಂಟನ್ನು ನಾನು ಅರ್ಧ ಗಂಟೆ ಬಿಸಿನೀರಿನಲ್ಲಿಟ್ಟು, ಏನೂ ಅರಿಯದವನಂತೆ ಮತ್ತೆ ಸ್ವಸ್ಥಾನ ಸೇರಿಸಿದೆ.

ಆ ದಿನ ಎಲ್ಲ ಕೊಳವೆಗಳೂ ಕದಡಿಯೇ ಉಳಿದವು. ಮಾಲೂರಿನ ಒಬ್ಬ ಬಸುರಿಯ ರಕ್ತವೂ ಅವುಗಳಲ್ಲಿತ್ತು. ರೋಗವೆಂದಾದರೆ ಅವಳನ್ನು ತವರಿಗೆ ಅಟ್ಟುತ್ತೇನೆಂದು ಗಂಡ ಹೊರಗೆ ಕಾದು ಕುಳಿತಿದ್ದ. ಸಾಬರು, ರೋಗವಿಲ್ಲವೆಂದು ಮೊದಲೇ ಗೊತ್ತಿದ್ದ ರಕ್ತದ ಕೊಳವೆಯನ್ನು ಬೆಳಕಿಗೆ ಹಿಡಿದರು. ಅದೂ ಕದಡಿತ್ತು. ನನ್ನ ಮುಖ ನೋಡಿದರು. ಡಾಕ್ಟರಿಗೆ ತಮ್ಮಿಂದಲೇ ತಪ್ಪಾಯಿತೆಂದು ಹೇಳಿ, ಹೊಸ ಕಾಂಪ್ಲಿಮೆಂಟ್ ತೆಗೆದು ಮತ್ತೆ ಪರೀಕ್ಷೆ ಮಾಡಿದರು. ಆ ಹೆಂಗಸಿನ ಕೊಳವೆ ತಿಳಿಯಾಯಿತು.

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. “ಕೋಪ ಇದ್ರೆ ನನ್ನ ಮೇಲೆ ತೀರಿಸ್ಕೊ ಕಣೋ. ಆ ಹೆಣ್ಣುಮಗಳ ಬಾಳು ಯಾಕೆ ಹಾಳ್ಮಾಡ್ತೀಯ?”

ಬೈದಿದ್ದರೆ ಹಗುರವಾಗುತ್ತಿತ್ತು. ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕಿದರಲ್ಲ ಎಂದು ಮತ್ತೆ ಹೊಟ್ಟೆ ಉರಿಯಿತು.

ಅಜಾಗರೂಕತೆಯ ನೆಪದಲ್ಲಿ ಅವರಿಗೆ ಶ್ರೀನಿವಾಸಪುರದ ಡಿಸ್ಪೆನ್ಸರಿಗೆ ವರ್ಗವಾಯಿತು. ಜಾಗ ನನಗೆ ಬಂತು. ಅವರು ಹೊರಟ ದಿನ ಬಸ್ ನಿಲ್ದಾಣಕ್ಕೆ ಹೋದೆ. ಡಾಕ್ಟರಿಗೆ ಎಲ್ಲವನ್ನೂ ಹೇಳಿಬಿಡುತ್ತೇನೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಎದ್ದು ನಿಂತರು.

“ಬಿಸಿಲಲ್ಲಿ ನೀವ್ಯಾಕೆ ಬಂದ್ರಿ ಸಾರ್?” ಎಂದರು.

ಏಳು ವರ್ಷ ನನ್ನನ್ನು ಏಕವಚನದಲ್ಲಲ್ಲದೆ ಮಾತಾಡಿಸಿದವರಲ್ಲ ಅವರು.