ಏಳನೆಯ ಸಮಾಧಿಯ ಸೀಸೆ

ನಮ್ಮ ಕ್ವಾಂಗ್ ತ್ರಿ ಪ್ರಾಂತ್ಯದ ಸೈನಿಕರ ಸ್ಮಶಾನವನ್ನು ನೋಡಿಕೊಳ್ಳುತ್ತಿದ್ದವನು ಖಾಂಗ್. ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡ ಮೇಲೂ ತನ್ನೂರಿಗೆ ಹೋಗದೆ ಇಲ್ಲೇ ಬೇರು ಬಿಟ್ಟವನು. ಗುಡ್ಡದ ಬುಡದಲ್ಲಿ ಸಾಲಾಗಿ ಹನ್ನೊಂದು ಸಮಾಧಿಗಳಿದ್ದವು. ಒಂದೇ ಮಧ್ಯಾಹ್ನ ಸತ್ತ ತನ್ನ ತುಕಡಿಯ ಹನ್ನೊಂದು ಮಂದಿಯನ್ನು ಅವನೇ ಹೂತಿದ್ದ. ಆಗಿನ ವಾಡಿಕೆಯಂತೆ ಒಬ್ಬೊಬ್ಬರ ಹೆಸರನ್ನೂ ಚೀಟಿಯಲ್ಲಿ ಬರೆದು, ಪೆನಿಸಿಲಿನ್ ಸೀಸೆಗೆ ತುರುಕಿ, ರಬ್ಬರು ಬಿರಡೆ ಒತ್ತಿ, ಹೆಣದ ಅಂಗಿಯ ಜೇಬಿನಲ್ಲಿ ಇಟ್ಟಿದ್ದ. ಮೇಲೆ ನೆಟ್ಟ ಗುರುತಿನ ಕೋಲುಗಳನ್ನು ಮರುದಿನದ ಬಾಂಬು ಹಾರಿಸಿಕೊಂಡು ಹೋಯಿತು. ಯಾರು ಎಲ್ಲಿ ಎಂಬುದು ಅವನ ತಲೆಯಿಂದಲೂ ಹಾರಿಹೋಯಿತು. ಹನ್ನೊಂದು ಕಲ್ಲುಗಳ ಮೇಲೂ ಒಂದೇ ಬರಹ: ಹೆಸರು ತಿಳಿದಿಲ್ಲ.

ಅವರಲ್ಲಿ ಬಿಯೆನ್ ಅವನ ಜೀವದ ಗೆಳೆಯ. ಸಂಜೆ ಊದುಬತ್ತಿ ಹಚ್ಚುವಾಗ ಖಾಂಗ್ ಹನ್ನೊಂದು ಸಮಾಧಿಗಳ ಮುಂದೆಯೂ ನಿಂತು, “ಬಿಯೆನ್, ಉಂಡ್ಯೇನೋ?” ಎಂದು ಕೇಳುತ್ತಿದ್ದ. ಯಾವುದಾದರೂ ಒಂದರಲ್ಲಿ ಅವನಿಗೆ ಕೇಳಿಸಬೇಕಲ್ಲ.

ಒಂದು ದಿನ ಬಿಯೆನ್‌ನ ತಾಯಿ ಥೋವಾ ಉತ್ತರದಿಂದ ಬಸ್ಸಿನಲ್ಲಿ ಬಂದಳು. ತೊಂಬತ್ತರ ಮುದುಕಿ. ಮಗನ ಎಲುಬನ್ನು ಊರ ಗದ್ದೆಯಂಚಿಗೆ ಒಯ್ಯದೆ ಸಾಯುವುದಿಲ್ಲವೆಂಬ ಹಟ.

“ಹೂತೋನು ನೀನೇ ಅಲ್ವೇನೋ? ತೋರ್ಸು ಮತ್ತೆ.”

“ನೆನಪಿಲ್ಲವ್ವ.”

“ಕಾಲು ಹೋಯ್ತು ಸರಿ, ತಲೇನೂ ಅಲ್ಲೇ ಬಿಟ್ ಬಂದ್ಯಾ?” ಎಂದು ಬೈದವಳು, ಮರುಗಳಿಗೆಯಲ್ಲೇ ಕುಕ್ಕರಿಸಿ ಅವನ ಮರದ ಕಾಲನ್ನು ಹಿಡಿದುಕೊಂಡಳು. “ನಂಗೆ ಟೈಮಿಲ್ಲ ಮಗಾ.”

ಖಾಂಗ್ ಕೈಯೆತ್ತಿ ಮೂರನೆಯದನ್ನು ತೋರಿಸಿಬಿಟ್ಟ. ಎಲ್ಲವನ್ನೂ ಅಗೆಯುವಂತಿರಲಿಲ್ಲ; ಹೂತವನ ಸಾಕ್ಷಿಯನ್ನು ನಂಬಿ ಸರ್ಕಾರಿ ಕಚೇರಿಯವರು ಅದೊಂದನ್ನು ತೆಗೆಯಲು ರುಜು ಹಾಕಿದರು. ಎಲುಬು ಸಿಕ್ಕಿತು, ಸೀಸೆ ಸಿಗಲಿಲ್ಲ. “ಮಣ್ಣು ತಿಂದಿರ್ಬೇಕು,” ಎಂದ. ಮಣ್ಣು ಗಾಜನ್ನು ತಿನ್ನುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ಆದರೂ ಎತ್ತಿ ಅವಳ ಮುಂದಿಟ್ಟೆವು. ಮುದುಕಿ ಎಲುಬುಗಳನ್ನು ಅಕ್ಕಿ ಸಾರಾಯಿಯಲ್ಲಿ ತೊಳೆದು, ಕೆಂಪು ಬಟ್ಟೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.

ಮರುವರ್ಷದ ಮಳೆಗೆ ಏಳನೆಯ ಸಮಾಧಿ ಕುಸಿಯಿತು. ಎತ್ತರಿಸಲೆಂದು, ಸ್ಮಶಾನದ ಕೂಲಿಗೆ ಬರುತ್ತಿದ್ದ ನಾನೂ ಅವನೂ ಅಗೆಯುತ್ತಿದ್ದೆವು. ಗುದ್ದಲಿಯ ಬಾಯಿಗೆ ಸೀಸೆ ಸಿಕ್ಕಿತು. ಬಿರಡೆ ಗಟ್ಟಿಯಾಗಿಯೇ ಇತ್ತು. ಅವನು ಅದನ್ನು ನನ್ನ ಕೈಗಿಟ್ಟ. ಚೀಟಿ ಬಿಡಿಸಿ ನಾನೇ ಓದಿದೆ. ಬಿಯೆನ್.

ಮುದುಕಿಗೆ ನಿಜ ಹೇಳಿಬಿಡುತ್ತೇನೆಂದು ಖಾಂಗ್ ಸೀಸೆಯನ್ನು ಜೇಬಿಗಿಳಿಸಿ ಉತ್ತರಕ್ಕೆ ಹೋದ. ಮುದುಕಿ ಗದ್ದೆಯಂಚಿನ ಹೊಸ ಸಮಾಧಿಯ ಪಕ್ಕ ಚಾಪೆ ಹಾಸಿ, ಅನ್ನ, ಬೇಯಿಸಿದ ಮೊಟ್ಟೆ ಇಟ್ಟು ಮಾತಾಡುತ್ತ ಕೂತಿದ್ದಳಂತೆ.

“ಬಂದ್ಯಾ ಒಂಟಿಕಾಲ? ಇವ್ನಿಗೆ ನಿನ್ ವಿಷ್ಯಾನೇ ಹೇಳ್ತಿದ್ದೆ. ಇವ್ನು ಮನೆಗ್ ಬಂದ್ಮೇಲೆ ನಂಗೆ ನಿದ್ದೆ ಹತ್ತುತ್ತೆ ಕಣೋ. ನಲವತ್ತು ವರ್ಷ ಹತ್ತಿರ್ಲಿಲ್ಲ.”

“ಅವ್ವ, ಒಂದ್ ಮಾತು…”

“ಮೊದ್ಲು ಉಣ್ಣು.”

ಉಂಡ. ಮಾತು ಅನ್ನದ ಜೊತೆಗೇ ಒಳಗಿಳಿಯಿತು.

ತಿರುಗಿ ಬಂದವನು ಸೀಸೆಯನ್ನು ಏಳನೆಯದರೊಳಗೇ ಇಟ್ಟು ಸಿಮೆಂಟು ಬಳಿದ. ಮೂರನೆಯ ಗುಂಡಿ ಖಾಲಿ. ಅಲ್ಲಿದ್ದವನ ತಾಯಿ ಎಲ್ಲಾದರೂ ಬದುಕಿದ್ದರೆ, ಅವಳು ಯಾವ ಊರ ಗದ್ದೆಯಂಚನ್ನು ಹುಡುಕಬೇಕು? ಇದನ್ನು ಅವನು ನನ್ನನ್ನು ಒಮ್ಮೆ ಕೇಳಿದ.

ಆಮೇಲೂ ಸಂಜೆಯ ಊದುಬತ್ತಿ ತಪ್ಪಲಿಲ್ಲ, ಖಾಲಿ ಗುಂಡಿಗೂ ಒಂದು. ಹೆಸರು ಹಿಡಿದು ಕೂಗುವುದು ಮಾತ್ರ ನಿಂತಿತು. ಏಳನೆಯದರ ಮುಂದೆ ಬಂದಾಗ ಅವನ ಬಾಯಿ ತೆರೆಯುತ್ತಿತ್ತು. ಆಚೀಚೆ ನೋಡಿ, ಮುಚ್ಚಿಕೊಂಡು, ಕುಂಟುತ್ತ ಎಂಟನೆಯದರ ಕಡೆಗೆ ಹೋಗುತ್ತಿದ್ದ.