ನಮ್ಮಿಬ್ಬರ ನಡುವೆ ಎರಡು ಗೆರೆ

ಹುಟ್ಟಿದ ಮೂರನೇ ತಿಂಗಳಿಂದ ಮಗಳ ಮೈ ಕೆರೆತ ನಿಂತದ್ದಿಲ್ಲ. ಮೊದಲು ಇಸುಬು ಅಂದರು. ಕುಷ್ಟಗಿಯಲ್ಲಿ ಒಂದು ಮುಲಾಮು, ಗಂಗಾವತಿಯಲ್ಲಿ ಇನ್ನೊಂದು. ಬದನೆಕಾಯಿ ತಿನ್ನುವುದನ್ನು ಬಿಡಿಸಿದರು, ಶೇಂಗಾ ತಿನ್ನುವುದನ್ನೂ ಬಿಡಿಸಿದರು. ಆರು ವರ್ಷದೊಳಗೆ ಎರಡು ಸಲ ನ್ಯುಮೋನಿಯಾ ಆಯಿತು, ಕಂಕುಳಲ್ಲಿ ಕುರುಗಳೆದ್ದವು. ಉಗುರು ಕತ್ತರಿಸಿ, ಕೈಗೆ ಹಳೇ ಕಾಲುಚೀಲ ತೊಡಿಸಿ ಮಲಗಿಸುತ್ತಿದ್ದೆ. ಆದರೂ ಬೆಳಿಗ್ಗೆ ದಿಂಬಿನ ಮೇಲೆ ರಕ್ತದ ಕಲೆ. ಒಗೆದು ಒಗೆದು, ಕೊನೆಗೆ ಅದನ್ನು ನೋಡಿದರೂ ನನಗೆ ಏನೂ ಅನ್ನಿಸುತ್ತಿರಲಿಲ್ಲ.

ಕೊಪ್ಪಳದ ಒಬ್ಬ ಚರ್ಮದ ಡಾಕ್ಟರು ಹಳೇ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರವಿಕೊಂಡು ನೋಡಿದರು. "ಇದು ಬರೇ ಚರ್ಮದ ಬ್ಯಾನಿ ಅಲ್ರಿ. ಒಳಗ ರೋಗದ ಕೂಡ ಬಡದಾಡೋ ಶಕ್ತಿನ ಕಮ್ಮಿ ಐತಿ. ಹುಬ್ಬಳ್ಳಿಗೆ ಹೋಗಿ ಜೀನ್ ಟೆಸ್ಟ್ ಮಾಡಸ್ರಿ" ಅಂದರು.

ಹುಬ್ಬಳ್ಳಿಗೆ ನಾಲ್ವರು ಹೋದೆವು. ನಾನು, ಗಂಡ, ಮಗಳು, ಆಯಿ. ಆಯಿ ಅಂದರೆ ನನ್ನ ಅವ್ವನ ಅವ್ವ. ನನ್ನನ್ನು ಸೋದರಮಾವನಿಗೇ ಕೊಟ್ಟದ್ದರಿಂದ ನನಗೆ ಅತ್ತೆಯೂ ಅವಳೇ. ಸಂಬಂಧ ಕೂಡಿಸಿದವಳೂ ಅವಳೇ.

ಅಲ್ಲಿಯ ಡಾಕ್ಟರಮ್ಮ ಮನೆತನದ ಬಗ್ಗೆ ಕೇಳುತ್ತ ಹಾಳೆಯ ಮೇಲೆ ಹೆಂಗಸರಿಗೆ ದುಂಡಗೆ, ಗಂಡಸರಿಗೆ ಚೌಕ ಬರೆದರು. ಗಂಡಹೆಂಡತಿ ನಮ್ಮಿಬ್ಬರ ನಡುವೆ ಮಾತ್ರ ಎರಡು ಗೆರೆ ಎಳೆದರು.

"ಎರಡ್ಯಾಕ್ರಿ?" ಅಂದೆ.

"ರಕ್ತಸಂಬಂಧದಾಗ ಮದುವಿ ಆದ್ರ ಹಿಂಗ ಹಾಕ್ತೀವ್ರಿ."

ಆಮೇಲೆ ಟೆಸ್ಟಿನ ದಾರಿಗಳನ್ನು ಹೇಳಿದರು. ಇಂಥದ್ದೇ ಜೀನು ಅಂತ ಖಾತ್ರಿಯಿದ್ದರೆ ಅದೊಂದನ್ನೇ ನೋಡಬಹುದು. ಇಲ್ಲದಿದ್ದರೆ ಇಂಥ ಬೇನೆಗಳಿಗೆ ಕಾರಣವಾಗುವ ಜೀನುಗಳನ್ನೆಲ್ಲ ಒಟ್ಟಿಗೆ ನೋಡಬಹುದು. ಅದರಲ್ಲೂ ಸಿಗದಿದ್ದರೆ ತಂದೆತಾಯಿಯ ರಕ್ತದ ಜೊತೆ ಇಟ್ಟು ಹೆಚ್ಚುಕಮ್ಮಿ ಎಲ್ಲ ಜೀನುಗಳನ್ನೂ ಓದಬೇಕು. "ಅಷ್ಟೆಲ್ಲಾ ಓದಿದ್ರೂ ಒಮ್ಮೊಮ್ಮೆ ಉತ್ತರ ಸಿಗಂಗಿಲ್ಲ. ಮೊದಲ ಹೇಳಿರ್ತೀನಿ." ನಾವು ನಡುವಿನದನ್ನು ಒಪ್ಪಿದೆವು. ಸೂಜಿ ರೂಢಿಯಾದ ಮಗಳು ತಾನೇ ಕೈ ಚಾಚಿದಳು.

ಕೆಲವು ವಾರಗಳಾದ ಮೇಲೆ ಕೆಟ್ಟ ಜೀನು ಯಾವುದೆಂದು ಸಿಕ್ಕಿತು. ನಮ್ಮಿಬ್ಬರ ರಕ್ತವನ್ನೂ ನೋಡಿದರು. ಆ ಜೀನು ಒಬ್ಬೊಬ್ಬರಲ್ಲೂ ಎರಡೆರಡು ಇರುತ್ತವಂತೆ; ನಮ್ಮಿಬ್ಬರಲ್ಲೂ ಒಂದು ಸರಿಯಿತ್ತು, ಒಂದು ಕೆಟ್ಟಿತ್ತು. ಎರಡೂ ಕಡೆಯಿಂದ ಕೆಟ್ಟದ್ದೇ ಮಗಳಿಗೆ ಬಂದಿತ್ತು.

ಆಯಿ, "ಇವರಿಬ್ಬರಿಗೂ ಎಲ್ಲಿಂದ ಬಂತ್ರಿ?" ಅಂತ ಕೇಳಿದಳು.

ಡಾಕ್ಟರಮ್ಮ ತಡವರಿಸಿದರು. "ನಿಮ್ಮಿಂದರ ಬಂದಿರಬೇಕು, ಇಲ್ಲಾ ನಿಮ್ಮ ಯಜಮಾನರಿಂದ."

ಆಯಿ ಕುಪ್ಪಸದ ತೋಳು ಮೇಲೇರಿಸಿದಳು. "ನಂದೂ ತಗೋರಿ."

"ಬ್ಯಾಡ ಬಿಡ್ರಿ ಅಜ್ಜಿ. ತಿಳಕೊಂಡು ಏನ್ ಮಾಡ್ತೀರಿ? ಇದು ಯಾರ ತಪ್ಪೂ ಅಲ್ಲ."

ನಿಜ ಹೇಳಬೇಕೆಂದರೆ, ತೆಗೆಯಲಿ ಅಂತ ನನಗನ್ನಿಸಿತು. ಬಸುರಿಯಿದ್ದಾಗ ಏನು ತಿಂದಿದ್ದಿ, ಏನು ಮುಟ್ಟಿದ್ದಿ ಅಂತ ಇಷ್ಟು ವರ್ಷ ಎಲ್ಲರೂ ಕೇಳಿದ್ದು ನನ್ನನ್ನೇ. ಆ ಹೊರೆಯನ್ನು ಯಾರ ತಲೆಗಾದರೂ ದಾಟಿಸಬೇಕಿತ್ತು. ಕೊನೆಗೆ ಆಯಿ ತೋಳು ಇಳಿಸಿಕೊಂಡಳು.

ಆಯಿಯ ಕಿರಿಮಗನಿಗೆ ಹನುಮಸಾಗರದ ನನ್ನ ಚಿಗವ್ವನ, ಅಂದರೆ ಅವ್ವನ ತಂಗಿಯ, ಮಗಳನ್ನು ತರುವುದೆಂದು ಮಾತಾಗಿತ್ತು. ಅದೂ ಸೋದರಮಾವನ ಸಂಬಂಧವೇ. ಮದುವೆಗೆ ಮೊದಲು ಅವರಿಬ್ಬರೂ ರಕ್ತ ತೋರಿಸಲಿ, ಒಬ್ಬರಲ್ಲಿ ಇಲ್ಲದಿದ್ದರೂ ಮಕ್ಕಳಿಗೆ ಈ ಬೇನೆಯ ಅಂಜಿಕೆಯಿಲ್ಲ ಅಂದಿದ್ದರು ಡಾಕ್ಟರಮ್ಮ. ಮುಂದಿನ ಭಾನುವಾರ ಆಯಿ ನನ್ನನ್ನು ಕರೆದುಕೊಂಡು ಹನುಮಸಾಗರಕ್ಕೆ ಹೋದಳು.

ಚಿಗವ್ವ ಪೂರ್ತಿ ಕೇಳಲಿಲ್ಲ. "ನನ್ನ ಮಗಳ ರಕ್ತ ತಗಸಿ ಊರ ಬಾಯಿಗೆ ಹಾಕಬೇಕೇನಬೇ?"

"ತಗಸಬ್ಯಾಡ. ಹಂಗಾದ್ರ ಮದುವಿನೂ ಬ್ಯಾಡ. ನಾನ ಕೂಡಿಸಿದ್ದೆ, ನಾನ ಬಿಡಸ್ತೀನಿ" ಅಂದಳು ಆಯಿ.

ಚಿಗವ್ವ ನಮ್ಮ ಮುಂದಿನ ಚಹಾದ ಲೋಟಗಳನ್ನು ಅರ್ಧಕ್ಕೇ ಎತ್ತಿಕೊಂಡು ಒಳಗೆ ಹೋದಳು. ತಿರುಗಿ ಬರುವಾಗ ಬಸ್ಸಿನಲ್ಲಿ ಆಯಿ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದಳು. ಆ ಹುಡುಗಿಯ ಮದುವೆ ಯಲಬುರ್ಗಾ ಕಡೆ ಆಯಿತು. ನಮಗೆ ಕರೆ ಬರಲಿಲ್ಲ.

ಈಗ ತಿಂಗಳಿಗೊಮ್ಮೆ ಹುಬ್ಬಳ್ಳಿ. ಮಗಳ ಮೈಯಲ್ಲಿಲ್ಲದ ಶಕ್ತಿಯನ್ನು ಬಾಟಲಿಯಿಂದ ಹನಿಹನಿಯಾಗಿ ಏರಿಸುತ್ತಾರೆ. ಅಸ್ಥಿಮಜ್ಜೆ ಬದಲಿಸುವ ಮಾತೂ ಇದೆ. ಮನೆಯವರಲ್ಲಿ ಯಾರದೂ ಹೊಂದಿಲ್ಲ, ಹೊರಗೆ ಹುಡುಕುತ್ತಿದ್ದಾರೆ. ಜ್ವರ ಕಮ್ಮಿಯಾಗಿದೆ, ಕೆರೆತ ಇದ್ದೇ ಇದೆ. ಬೇನೆಗೊಂದು ಹೆಸರು ಸಿಕ್ಕರೆ ಹಗುರಾದೀತು ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಬಾಟಲಿ ಮುಗಿಯುವತನಕ ಗಂಡ ಗೋಡೆಗೊರಗಿ ತೂಕಡಿಸುತ್ತಾನೆ. ಸೂಜಿಯ ಪಟ್ಟಿ ಕೆರೆದುಕೊಳ್ಳದಂತೆ ನಾನು ಅವಳ ಕೈ ಹಿಡಿದು ಕೂತಿರುತ್ತೇನೆ.