ಹೊಲಿಗೆಯೊಳಗೆ ಉಳಿಸಿದ ಬಟ್ಟೆ

ಟೈಲರಮ್ಮನ ಅಂಗಡಿಯಲ್ಲಿ ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಮಾತು ‘ಲೂಸ್’. ಹೊಟ್ಟೆ ಬಂದವರಿಗೆ ಅಂಗಿ ಲೂಸಾಗಿರಬೇಕು, ಕಾಲೇಜು ಹುಡುಗರಿಗೆ ಲೂಸಾದರೆ ಮಾನವೇ ಹೋಯಿತು. ಗುಂಡಿ ಲೂಸು, ಮಿಷನ್ನಿನ ಬೆಲ್ಟು ಲೂಸು, ಎದುರಂಗಡಿಯಲ್ಲಿ ಮಾರುವ ಸಕ್ಕರೆಯೂ ಲೂಸು. ಬೆಳಿಗ್ಗೆ ಕೊಟ್ಟ ಬಟ್ಟೆ ಮಧ್ಯಾಹ್ನಕ್ಕೇ ಬೇಕೆನ್ನುವವರಂತೂ, ಅವಳ ಪ್ರಕಾರ, ಪೂರಾ ಲೂಸು. ಅನ್ನ ಹಾಕುವ ಪದ ಎಂದು ಅವಳು ನಗುತ್ತಿದ್ದಳು. ಅಣ್ಣನ ಬಾಯಲ್ಲಿ ಬಂದಾಗ ಮಾತ್ರ ಮೈಯೆಲ್ಲ ಉರಿಯಿತು.

ಅಣ್ಣ ಗೋದಾಮಿನ ಕಾವಲುಗಾರ. ಊರವರ ಅಳತೆಯೆಲ್ಲ ಪುಸ್ತಕದಲ್ಲಿದ್ದರೆ ಅವನದು ಅವಳಿಗೆ ಬಾಯಿಪಾಠ. ಅವನಿಗೆ ಟೇಪು ಹಿಡಿಯದೆ ಇಪ್ಪತ್ತು ವರ್ಷವಾಗಿತ್ತು.

“ಪ್ಯಾಂಟು ಲೂಸಾಗಿದೆ ಕಣಮ್ಮ. ಕಣ್ಣು ಮಂಜಾಯ್ತಾ ನಿಂಗೆ?”

ಮುಖ ಊದಿಸಿಕೊಂಡು ಪ್ಯಾಂಟಿನ ಸೊಂಟ ಒಳಗೆ ಹಿಡಿದು ಹೊಲಿದುಕೊಟ್ಟಳು. ತಿಂಗಳು ಕಳೆಯುವಷ್ಟರಲ್ಲಿ ಅದೇ ಪ್ಯಾಂಟು ವಾಪಸ್ ಬಂತು.

“ನನ್ನ ಹೊಲಿಗೆ ಸರಿಯಾಗೇ ಇದೆ. ನೀನೇ ಲೂಸು!” ಎಂದಳು. ಆದರೂ ಹಿಡಿದುಕೊಟ್ಟಳು.

“ಒಳಗಿರೋ ಬಟ್ಟೆನಾದ್ರೂ ಕತ್ತರಿಸು, ಚುಚ್ಚುತ್ತೆ.”

“ಅದನ್ನ ಮಾತ್ರ ಕೇಳ್ಬೇಡ.” ಮಿಕ್ಕ ಬಟ್ಟೆಯನ್ನು ಹೊಲಿಗೆಯೊಳಗೇ ಉಳಿಸುವುದು ಅವಳ ಪದ್ಧತಿ, ಯಾರು ಗೊಣಗಿದರೂ ಸರಿಯೇ.

ಮೂರನೇ ಸಲ ಅಣ್ಣ ಪ್ಯಾಂಟನ್ನು ಮೇಜಿನ ಮೇಲೆಸೆದು ನಾಲ್ಕು ಲೋಟ ನೀರು ಗಟಗಟನೆ ಕುಡಿದ. ಅವಳು ಪ್ಯಾಂಟನ್ನು ಒಳಮಗ್ಗುಲಾಗಿ ತಿರುವಿದಳು. ಬೆನ್ನಿನ ಕಡೆ ಮೊದಲಿನದೂ ಸೇರಿ ಮೂರು ಸಾಲು ಹೊಲಿಗೆ, ಒಂದರಿಂದೊಂದು ಬೆರಳಗಲ ಒಳಗೆ. ಕತ್ತರಿ ಕೆಳಗಿಟ್ಟಳು.

“ಅಣ್ಣಾ, ಇಲ್ಲಿ ನಿಂತ್ಕೋ.”

ಟೇಪು ಹಿಡಿದರೆ ಸೊಂಟ ಐದು ಇಂಚು ಇಳಿದಿತ್ತು. ಬೆಲ್ಟಿಗೆ ಅವನೇ ಮೊಳೆಯಲ್ಲಿ ಹೊಸ ತೂತು ಕೊರೆದುಕೊಂಡಿದ್ದ.

“ನಡಿ ಡಾಕ್ಟರ ಹತ್ರ.”

“ಡ್ಯೂಟಿ ಇದೆಯಲ್ಲೇ.”

“ಡ್ಯೂಟಿ ಹಾಳಾಗ್ಲಿ. ಚಪ್ಪಲಿ ಹಾಕ್ಕೋ.”

ನಡುಮಧ್ಯಾಹ್ನ ಶಟರ್ ಎಳೆದು ಹೊರಟಳು. ಸಕ್ಕರೆ ಕಾಯಿಲೆ ಮಿತಿಮೀರಿದೆ, ಇನ್ನೂ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು. ಅವಳು ಅಲ್ಲೇ ಅತ್ತುಬಿಟ್ಟಳು. ಅಣ್ಣ ಕಣ್ಣೆದುರೇ ಕರಗುತ್ತಿದ್ದಾಗ ತಾನು ಹೊಲಿಗೆಯ ಮರ್ಯಾದೆ ಕಾಯುತ್ತ ಕೂತಿದ್ದೆನಲ್ಲ ಎಂಬ ನಾಚಿಕೆ ಅವಳನ್ನು ಬಹಳ ದಿನ ಬಿಡಲಿಲ್ಲ.

ಮಾತ್ರೆ, ಪಥ್ಯ, ಬೆಳಗಿನ ನಡಿಗೆ ಶುರುವಾಗಿ ಏಳೆಂಟು ತಿಂಗಳಾಗಿರಬೇಕು. ಒಂದು ದಿನ ಅಣ್ಣ ಅದೇ ಪ್ಯಾಂಟು ತೊಟ್ಟು, ಉಸಿರು ಬಿಗಿಹಿಡಿದು ಬಾಗಿಲಲ್ಲಿ ನಿಂತ.

“ಗುಂಡಿ ಹಾಕೋಕಾಗ್ತಿಲ್ಲ ಕಣೇ. ಸ್ವಲ್ಪ ಲೂಸ್ ಮಾಡ್ಕೊಡು.”

ಒಳಗೆ ಬಟ್ಟೆ ಇತ್ತು. ಅವಳು ಕಣ್ಣೊರೆಸಿಕೊಂಡು ಮೊದಲು ಟೇಪು ತೆಗೆದಳು.